ಗದ್ದೆಯಲ್ಲಿ ಹುರುಳಿ ಬಿತ್ತಿದ ವರ್ಷ

ನಾನು ಕಡೂರು ಕಡೆಯವಳು. ತವರಿನಲ್ಲಿ ಹುರುಳಿಯೋ ಅವರೆಯೋ ಹೆಸರೋ, ಏನಾದರೊಂದು ಕಾಳು ಬೇಯದ ದಿನವಿರಲಿಲ್ಲ. ಮದುವೆಯಾಗಿ ನರಸಿಂಹರಾಜಪುರದ ಹತ್ತಿರದ ಈ ಮನೆಗೆ ಬಂದ ಮೇಲೆ ಊಟವೆಂದರೆ ಅನ್ನ, ಗಂಜಿ, ಕಡುಬು. ಅಂಗಡಿಯಿಂದ ತಂದ ತೊಗರಿಬೇಳೆ ಸಾರಿನ ತಳದಲ್ಲಿ ಹುಡುಕಿದರೆ ಸಿಗುತ್ತಿತ್ತು.

ಮಗಳು ಹುಟ್ಟಿದ ಮೇಲೆ ನನಗೆ ಮೆಟ್ಟಿಲು ಹತ್ತಿದರೂ ಕಣ್ಣು ಕತ್ತಲೆ ಬರತೊಡಗಿತು. ಆಸ್ಪತ್ರೆಯ ನರ್ಸ್ ರಕ್ತ ಕಡಿಮೆಯಿದೆ ಎಂದು ಮಾತ್ರೆ ಕೊಟ್ಟರು. "ಬರೀ ಅನ್ನ ತಿಂದ್ರೆ ಸಾಲ್ದು. ಕಾಳು, ಸೊಪ್ಪು ತಿನ್ಬೇಕು," ಎಂದೂ ಹೇಳಿದರು. ಮನೆಗೆ ಬಂದು ಅತ್ತೆಗೆ ಹೇಳಿದೆ.

"ಹಾಲು ಕುಡಿಸೋಳು ಕಾಳು ತಿಂದ್ರೆ ಕೂಸಿಗೆ ಹೊಟ್ಟೆನೋವು ಬರ್ತದೆ," ಎಂದರು ಅತ್ತೆ. ಮಾತು ಅಲ್ಲಿಗೇ ನಿಂತಿತು.

ಆ ವರ್ಷ ಭತ್ತದ ಕೊಯ್ಲು ಮುಗಿದಾಗ ಗದ್ದೆಯಲ್ಲಿ ಇನ್ನೂ ತೇವವಿತ್ತು. ತವರಿನಿಂದ ಹುರುಳಿ ತರಿಸಿ, ಮನೆಯ ಹತ್ತಿರದ ಒಂದು ಗದ್ದೆಗೆ ಬಿತ್ತೋಣವೆಂದು ಗಂಡನನ್ನು ಕೇಳಿದೆ. ಅವರು ಒಪ್ಪಿದರು. ಅತ್ತೆ ಮಾತ್ರ ತಲೆ ಚಚ್ಚಿಕೊಂಡರು.

"ಕೊಯ್ಲಾದ್ಮೇಲೆ ಊರಿನೋರೆಲ್ಲ ದನ ಬಿಡ್ತಾರೆ ಮಾರಾಯ್ತಿ. ನಿನ್ನ ಹುರುಳಿಗೋಸ್ಕರ ಯಾರು ಕಟ್ಟಿ ಹಾಕ್ತಾರೆ?"

ಮುಳ್ಳು ಕಡಿದು ತಂದು ಗದ್ದೆಯ ಸುತ್ತ ಬೇಲಿ ಕಟ್ಟಿದೆವು. ಇಬ್ಬನಿಯಲ್ಲೇ ಬಳ್ಳಿ ಹಬ್ಬಿ ನೆಲ ಮುಚ್ಚಿತು. ಒಂದು ಗಿಡ ಕಿತ್ತು ಬೇರು ನೋಡಿದೆ. ಸಾಸಿವೆಯಂಥ ಸಣ್ಣ ಗಂಟುಗಳು. ಗಾಳಿಯ ಸಾರಜನಕ ಮಣ್ಣಿಗಿಳಿಯುವುದು ಅವುಗಳಿಂದಲೇ ಎಂದು ಶಾಲೆಯಲ್ಲಿ ಓದಿದ್ದೆ. ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು.

ಕಾಯಿ ಬಲಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಗಂಡನೂ ನಾನೂ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆವು. ಮರಳಿ ಬಂದಾಗ ಅತ್ತೆ ಗದ್ದೆಯ ಅಂಚಿನಲ್ಲಿ ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ದೊಣ್ಣೆ. ಪಾದ ಊದಿಕೊಂಡಿತ್ತು.

"ಎಂತ ಆಯ್ತು ಅತ್ತೆ?"

"ಆಚೆಮನೆ ದನ ಬೇಲಿ ಮುರಿದು ನುಗ್ಗಿದ್ವು. ಓಡಿಸೋಕೆ ಹೋಗಿ ಅಂಚಿನಿಂದ ಜಾರಿದೆ. ಅರ್ಧ ತಿಂದು ಹಾಕಿದ್ವು ಕಣೆ," ಎಂದರು. ಅವರ ದನಿಯಲ್ಲಿ ನನ್ನ ಮೇಲಿನ ಸಿಟ್ಟು ಇರಲಿಲ್ಲ. ತಮ್ಮದೇ ಏನೋ ಹೋದಂಥ ಸಂಕಟವಿತ್ತು.

ಎಲುಬು ಮುರಿದಿರಲಿಲ್ಲ. ಆದರೂ ಕೆಲವು ವಾರ ಮಂಚ ಬಿಟ್ಟು ಏಳುವಂತಿರಲಿಲ್ಲ. ಉಳಿದ ಹುರುಳಿಯನ್ನು ಕಿತ್ತು, ಒಣಗಿಸಿ, ಅಂಗಳದಲ್ಲಿ ಬಡಿದೆವು. ಕಾಳು ಬೇಯಿಸಿ ಬಸಿದ ನೀರಿಗೆ ಬೆಳ್ಳುಳ್ಳಿ, ಮೆಣಸು ಹಾಕಿ ಕುದಿಸಿದ ಸಾರನ್ನು ಅತ್ತೆಯ ಮಂಚಕ್ಕೇ ಒಯ್ದೆ. ಬಟ್ಟಲೆತ್ತಿ ಕುಡಿದು ಕೆಳಗಿಟ್ಟರು.

"ನಾ ಈ ಮನೆಗೆ ಬಂದಾಗ ಗದ್ದೆ ಅಂಚಿನ ಮೇಲೆಲ್ಲ ಉದ್ದು ಹಾಕ್ತಿದ್ರು," ಎಂದರು. "ಕಳೆ ಕಿತ್ತದ್ದು, ಬಡಿದದ್ದು ಎಲ್ಲ ನಾವೇ ಹೆಂಗಸರು. ಆದ್ರೆ ಗಂಡಸರ ಊಟ ಆದ್ಮೇಲೆ ನಮಗೆ ಉಳೀತಿದ್ದದ್ದು ಬರೀ ತಿಳಿಸಾರು. ಕೂಸಿಗೆ ಹೊಟ್ಟೆನೋವು ಬರ್ತದೆ ಅಂತ ನಮ್ಮತ್ತೆ ನಂಗೂ ಹೇಳ್ತಿದ್ರು. ನಿಜಾನೋ ಸುಳ್ಳೋ, ನಾ ತಿಂದು ನೋಡಿದ್ದೇ ಇಲ್ಲ."

ಕಾಳಿನ ಪಲ್ಯ ತಂದು ಬಡಿಸಿದೆ. "ನಿಂಗೆ ಇಟ್ಕೊಂಡ್ಯಾ?" ಎಂದು ಕೇಳಿದರು. ಇದೆ ಎಂದರೂ ನಂಬದೆ, ನನ್ನ ತಟ್ಟೆಯನ್ನೂ ಅಲ್ಲಿಗೇ ತರಿಸಿದರು. ಮಂಚದ ಪಕ್ಕ ಕುಳಿತು ಊಟ ಮಾಡಿದೆ. ಮಗಳು ಆ ರಾತ್ರಿ ಎಂದಿನಂತೆ ಮಲಗಿದಳು.

ಮರುವರ್ಷ ಆ ಗದ್ದೆಯ ಭತ್ತ ತುಸು ದಟ್ಟ ಹಸಿರಾಗಿ ಕಂಡಿತು. ಹುರುಳಿಯಿಂದಲೋ ಮಳೆಯಿಂದಲೋ ಹೇಳಲಾರೆ. ನನ್ನ ಆಯಾಸ ಕಡಿಮೆಯಾದದ್ದಕ್ಕೂ ಮಾತ್ರೆ ಎಷ್ಟು ಕಾರಣ, ಕಾಳೆಷ್ಟು ಎಂಬುದು ಗೊತ್ತಿಲ್ಲ.

ಕೊಯ್ಲು ಮುಗಿಯುತ್ತಲೇ ಅತ್ತೆ, ಇನ್ನೂ ಪೂರ್ತಿ ಸರಿಹೋಗದ ಕಾಲಿನಲ್ಲಿ ಕುಂಟುತ್ತ, ಆಚೆಮನೆಗೆ ಹೋದರು. ಜಗಳಕ್ಕೆ ಹೋದರೇನೋ ಎಂದು ಹೆದರಿ ನಾನೂ ಹಿಂದೆ ಹೊರಟೆ. ಅವರು ಆ ಮನೆಯ ಸೊಸೆಯನ್ನು ಹೊರಗೆ ಕರೆದು, ಸೆರಗಿನಲ್ಲಿದ್ದ ಬಿತ್ತನೆ ಹುರುಳಿಯನ್ನು ಅವಳ ಮಡಿಲಿಗೆ ಸುರಿದರು.

"ನೀನೂ ಬಿತ್ತು," ಎಂದರು. "ಆಗ ದನ ಕಟ್ಟಿ ಹಾಕಿ ಅಂತ ನಿಮ್ಮನೆಯೋರಿಗೆ ನಾ ಹೇಳ್ಬೇಕಾಗಿಲ್ಲ."