ಧ್ರುವ ಕಾದ ವರ್ಷ

ರಬಕವಿಯ ಆ ನೇಕಾರ ಓಣಿಯಲ್ಲಿ ಸುವರ್ಣಾ ಅಕ್ಕೋರ ಬಗ್ಗೆ ಮಂದಿ ಆಡುತ್ತಿದ್ದ ಮಾತು ಒಂದೇ: "ಹೊಲ ಇಲ್ಲ, ಮಗ್ಗ ಇಲ್ಲ, ಮುಗಿಲಿನ ಚಿಂತಿ ಮಾತ್ರ ಊರಿಗೆಲ್ಲಾ ಹಂಚೂವಷ್ಟು." ಹೀಗೆ ಅಂದು ನಗುತ್ತಿದ್ದರು. ಆ ನಗೆಯಲ್ಲಿ ನಂಜು ಇರಲಿಲ್ಲ. ಎದುರುಮನೆಯ ಬೋರವ್ವ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಇದು ಗಾಳಿ ಸೋಕಿದ್ದೇ ಸೈ, ಇಲ್ಲದಿದ್ದರೆ ವಯಸ್ಸಿನಲ್ಲಿ ಗಂಡು ನೋಡುವುದು ಬಿಟ್ಟು ಯಾವ ಹೆಣ್ಣು ಗಾಳಿ ನೋಡುತ್ತ ಕೂಡುತ್ತದೆ ಅನ್ನುತ್ತಿದ್ದಳು.

ಸುವರ್ಣಾ ಹುಟ್ಟಿದ್ದು ಬನಹಟ್ಟಿಯ ಕೈಮಗ್ಗದ ಮನೆಯಲ್ಲಿ. ಆಗೆಲ್ಲ ಗಂಜಿ ಹಚ್ಚಲು ಹಾಸುನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ನಾಲ್ಕು ಹನಿ ಬಿದ್ದರೆ ಎಂಟು ದಿನದ ಕೆಲಸ ಮಣ್ಣುಪಾಲು. ಹಾಗಾಗಿ ಮನೆಯಲ್ಲಿ ಒಬ್ಬರ ಕಣ್ಣು ಮುಗಿಲಿನ ಮೇಲೆಯೇ ಇರಬೇಕಿತ್ತು, ಆ ಕಣ್ಣು ಈಕೆಯದಾಗಿತ್ತು. ಮುಂದೆ ಓದಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಅಕ್ಕೋರು ಆದಳು. ಅಪ್ಪ ಹೋದ, ಮಗ್ಗ ಹೋಯಿತು. ಲಗ್ನದ ಮಾತು ನಾಲ್ಕು ಸಲ ಎದ್ದು ನಾಲ್ಕು ಸಲವೂ ಕೂತಿತು. ಮುಗಿಲು ನೋಡುವ ಚಟ ಒಂದು ಉಳಿಯಿತು.

ಹತ್ತೊಂಬತ್ತು ವರ್ಷದಿಂದ ಆಕೆ ಇದ್ದದ್ದು ಶಂಕ್ರೆವ್ವನ ಮನೆಯ ಮೇಲಿನ ಖೋಲಿಯಲ್ಲಿ. ಶಂಕ್ರೆವ್ವ ಎಪ್ಪತ್ತು ದಾಟಿದ ಮುದುಕಿ. ಕೆಳಗೆ ಎರಡು ಪವರ್‌ಲೂಮ್, ಜೊತೆಗೆ ತಾಯಿತಂದೆ ಇಲ್ಲದ ಮೊಮ್ಮಗಳು ನೇತ್ರಾ. ಗಾಳಿ ಒಣಗಿದರೆ ನೂಲು ಪಟಪಟ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ. ಅದಕ್ಕೇ ಮುದುಕಿ ದಿನಾ ಬೆಳಿಗ್ಗೆ ಸ್ವಿಚ್ ಹಾಕುವ ಮೊದಲು ಮೆಟ್ಟಿಲ ಬುಡಕ್ಕೆ ನಿಂತು ಕೂಗುವಳು: "ಅಕ್ಕೋರ, ಇವತ್ತ ಗಾಳಿ ಹೆಂಗೈತ್ರಿ?"

ಸುವರ್ಣಾ ಮಾಳಿಗೆಯ ಮೇಲೆ ಹೋಗಿ ಗಾಳಿಯ ತೇವ ಅಳೆಯುವ ತನ್ನ ಎರಡು ಗಾಜಿನ ಕೊಳವೆಗಳನ್ನು ನೋಡಿ, ಒಣಗಿದ್ದರೆ, "ಗೋಣಿ ತೋಯಿಸಿ ಕಿಟಕಿಗೆ ಕಟ್ರಿ ಆಯಿ" ಅನ್ನುವಳು. ಆ ಪ್ರಶ್ನೆಯ ಬೆನ್ನಿಗೆ ಒಂದು ಕಪ್ ಚಹಾ ಬರುವುದು, ಚಹಾದ ಬೆನ್ನಿಗೆ ನೇತ್ರಾ ಬಂದು ಹೆರಳು ಹಾಕಿಸಿಕೊಂಡು ಹೋಗುವಳು. ಲೆಕ್ಕ ಹಿಡಿದರೆ ಸುವರ್ಣಾಳ ಬಾಳಿನಲ್ಲಿ ತನ್ನದು ಅನ್ನುವ ಮಂದಿ ಇಷ್ಟೇ. ಅದು ಆಕೆಗೆ ಗೊತ್ತಿತ್ತು. ರವಿವಾರ ಮುದುಕಿ ಕೂಗುವುದು ತಡವಾದರೆ ತಾನೇ ಎರಡು ಮೆಟ್ಟಿಲು ಇಳಿದು ಕೆಮ್ಮುತ್ತಿದ್ದಳು.

ಈಗ ಆ ಜನವರಿಯ ಮಾತು ಕೇಳಿ.

ಚಳಿಗಾಲದಲ್ಲಿ ಉತ್ತರ ಧ್ರುವಕ್ಕೆ ಸೂರ್ಯನೇ ಇಲ್ಲ. ಅಲ್ಲಿಯ ಥಂಡಿಯನ್ನು ನಡುವೆ ಹಾಕಿಕೊಂಡು, ಮೋಡಗಳಿಗಿಂತ ಎಷ್ಟೋ ಮೇಲೆ, ಒಂದು ಗಾಳಿ ಪಡುವಣದಿಂದ ಮೂಡಣಕ್ಕೆ ರಾಟಿಯ ಹಾಗೆ ತಿರುಗುತ್ತ ಇರುತ್ತದೆ. ರಾಟಿ ಸರಿಯಾಗಿ ತಿರುಗುವ ತನಕ ಥಂಡಿ ಅದಕ್ಕೆ ಸುತ್ತಿಕೊಂಡೇ ಇರುತ್ತದೆ. ಆದರೆ ಕೆಲವು ವರ್ಷ ಕೆಳಗಿನ ಬೆಟ್ಟ ಕಡಲುಗಳ ಮೇಲಿಂದ ಎದ್ದ ದೊಡ್ಡ ಅಲೆಗಳು ಹೋಗಿ ಆ ರಾಟಿಗೆ ಬಡಿಯುತ್ತವೆ. ರಾಟಿ ಮೆಲ್ಲಗಾಗುತ್ತದೆ, ನಿಲ್ಲುತ್ತದೆ, ಒಮ್ಮೊಮ್ಮೆ ಉಲ್ಟಾ ತಿರುಗುತ್ತದೆ. ಅಲ್ಲಿಯ ಗಾಳಿ ಕೆಳಗೆ ಕುಸಿದು, ಒತ್ತಿಸಿಕೊಂಡು, ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ ಕಾಯುತ್ತದೆ. ನಾಲ್ಕೈದು ದಿನದಲ್ಲಿ ನಲವತ್ತು ಐವತ್ತು ಡಿಗ್ರಿ ಏರಿದ್ದೂ ಉಂಟು. ಆಗ ಸುತ್ತಿದ್ದ ನೂಲು ಬಿಚ್ಚಿಕೊಂಡ ಹಾಗೆ ಥಂಡಿ ದಕ್ಷಿಣಕ್ಕೆ ಹರವಿಕೊಳ್ಳುತ್ತದೆ. ಯಾವ ದೇಶಕ್ಕೆ ಎಷ್ಟು ಎಂದು ಮೊದಲೇ ಹೇಳಲು ಬರುವುದಿಲ್ಲ. ಎರಡು ಮೂರು ವಾರ ಕಾಯಬೇಕು. ನಮ್ಮ ಕೃಷ್ಣಾ ದಂಡೆಯ ತನಕ ಅದರ ಎಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಸುವರ್ಣಾ ಇದನ್ನೆಲ್ಲ ಮೊಬೈಲಿನಲ್ಲಿ ದಿನಾ ನೋಡುವಾಕೆ. ಆ ಬೆಳಿಗ್ಗೆ ಆ ಗಾಳಿಯ ವೇಗದ ಗೆರೆ ಸೊನ್ನೆಯ ಕೆಳಗೆ ಇಳಿದದ್ದು, ಅಂದರೆ ರಾಟಿ ಉಲ್ಟಾ ತಿರುಗಿದ್ದು, ಕಂಡಿತು. ಹೇಳಿಕೊಳ್ಳಲು ಇನ್ನಾರಿದ್ದಾರೆ? ಮುದುಕಿ ಕೂಗಿದ ಕೂಡಲೇ, ಗಾಳಿಯ ಸುದ್ದಿ ಕೇಳಿದ್ದಕ್ಕೆ ಗಾಳಿಯ ಸುದ್ದಿಯನ್ನೇ ಹೇಳಿದಳು:

"ಧ್ರುವದ ಮ್ಯಾಲ ಭಾಳ ಕಾದೈತಿ ಆಯಿ. ಅದರ ಸುತ್ತಿನ ಗಾಳಿ ಉಲ್ಟಾ ತಿರುಗೈತಿ. ಇನ್ನ ಎರಡ್ಮೂರ ವಾರದಾಗ ಏನ ಆಗತೈತೊ ನೋಡಬೇಕ."

ಶಂಕ್ರೆವ್ವನ ಕೈ ಸ್ವಿಚ್ಚಿನ ಮೇಲೆಯೇ ನಿಂತಿತು. ಸರಿಯಾಗಿ ಮೂರು ವಾರಕ್ಕೆ ನೇತ್ರಾಳ ಲಗ್ನ. ಮುಧೋಳದ ವರ, ಪ್ರೇಮಕುಮಾರ ಎಂದು ಹೆಸರು. ಇನ್ನು ಶಂಕ್ರೆವ್ವನಿಗೆ ಗೊತ್ತಿದ್ದ ಧ್ರುವ ಒಂದೇ, ಧ್ರುವ ನಕ್ಷತ್ರ. ಅಕ್ಕಿಕಾಳು ಬಿದ್ದ ಮೇಲೆ ಗಂಡಹೆಂಡಿರನ್ನು ಅಂಗಳಕ್ಕೆ ಕರೆದು ಬೆರಳು ಮಾಡಿ ತೋರಿಸುವ ಚಿಕ್ಕಿ, ಅದರ ಹಾಗೆ ಕದಲದೆ ಬಾಳಿರಿ ಎಂದು ಹರಸುವ ಚಿಕ್ಕಿ. ಆ ಧ್ರುವವೇ ಕಾದು ಉಲ್ಟಾ ತಿರುಗಿದರೆ ಅದರ ಕೆಳಗೆ ನಿಂತ ಹುಡುಗಿಯ ಗತಿ ಏನು?

ಮುದುಕಿ ತಿರುಗಿ ಕೇಳಲಿಲ್ಲ. ಕೇಳಿದ್ದರೆ ಕಥೆಯೇ ಇರುತ್ತಿರಲಿಲ್ಲ. ಬೋರವ್ವನ ಹತ್ತಿರ ಒಂದು ಮಾತು ಹೇಳಿ ಎದೆ ಹಗುರ ಮಾಡಿಕೊಂಡಳು. ಬೋರವ್ವನ ತವರು ಮುಧೋಳ. ಮಧ್ಯಾಹ್ನದ ಊಟಕ್ಕೆ ಮೊದಲೇ ಬೀಗರ ಮನೆಗೆ ಫೋನು ಮುಟ್ಟಿತು. ಹೋಗುವಾಗ ಧ್ರುವ ಕಾದಿತ್ತು, ಮುಟ್ಟುವಾಗ ಜಾಗ ಬಿಟ್ಟು ಸರಿದಿತ್ತು. ಭೂಗೋಳದ ಅಕ್ಕೋರೇ ಹೇಳಿದ್ದಾರೆ ಅಂದ ಮೇಲೆ ಸುಳ್ಳು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಂಜೆ ಮುಧೋಳದಿಂದ ಮಾತು ಬಂತು: ಅವಸರ ಬೇಡ, ಯುಗಾದಿ ಕಳೆಯಲಿ, ಆಮೇಲೆ ನೋಡೋಣ.

ಆಮೇಲೆ ನೋಡೋಣ ಅಂದ ಲಗ್ನಗಳ ಗತಿ ಓಣಿಗೆ ಗೊತ್ತಿತ್ತು. ಬೋರವ್ವ ನೀರು ಹಿಡಿಯುವಲ್ಲಿ ನಿಂತು ಹೇಳಿದ ಮಾತು ಸುವರ್ಣಾಳ ಕಿವಿಗೂ ಬಿತ್ತು: "ತನ್ನ ಲಗ್ನದಾಗ ಧ್ರುವ ನೋಡದಾಕಿ, ಮಂದಿ ಧ್ರುವಕ್ಕ ಕಣ್ಣ ಹಾಕ್ಯಾಳ."

ಮರುದಿನ ಬೆಳಿಗ್ಗೆ ಸುವರ್ಣಾ ಮೆಟ್ಟಿಲ ಮೇಲೆ ಕಾದಳು. ಯಾರೂ ಕೂಗದೆಯೇ ಕೆಳಗೆ ಮಗ್ಗ ಶುರುವಾಯಿತು. ಇಳಿದು ಹೋಗಿ ತಿಳಿಸಿ ಹೇಳಲು ನೋಡಿದಳು. ಅದು ಚಿಕ್ಕಿಯಲ್ಲ, ಭೂಮಿಯ ತುದಿ, ಎರಡಕ್ಕೂ ಹೆಸರು ಒಂದೇ ಅಷ್ಟೇ ಎಂದಳು. ಶಂಕ್ರೆವ್ವ ಹರಿದ ಎಳೆಗೆ ಗಂಟು ಹಾಕುತ್ತ ಹೂಂಗುಟ್ಟಿದಳು. ನೇತ್ರಾ ಒಳಗಿನಿಂದ ಬರಲಿಲ್ಲ. ಆಕೆಯ ಅಳು ಮಗ್ಗದ ಸದ್ದಿನ ನಡುವೆಯೂ ಕೇಳುತ್ತಿತ್ತು.

ರವಿವಾರ ಸುವರ್ಣಾ ಯಾರಿಗೂ ಹೇಳದೆ ಮುಧೋಳದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಆಕೆ ಒಳಗೊಳಗೇ ಪಾಠ ತಯಾರು ಮಾಡಿಕೊಂಡಳು. ಮೂವತ್ತು ವರ್ಷ ಕಲಿಸಿದಾಕೆ ಅಂದು ಮೊದಲ ಮಾತನ್ನೇ ಮೂರು ಸಲ ತಿದ್ದಿದಳು.

ವರನ ಅಜ್ಜ ವಿಠೋಬಾ ಕಟ್ಟೆಯ ಮೇಲೆ ಕೂತಿದ್ದ. ಮರ್ಯಾದೆಯಿಂದಲೇ ಒಳಗೆ ಕರೆದ, ಚಹಾ ಹೇಳಿದ. ಸುವರ್ಣಾ ನೀರು ಕುಡಿದು ಖಾಲಿಯಾದ ತಂಬಿಗೆಯನ್ನು ಬೋರಲು ಹಾಕಿ, ಇದು ಭೂಮಿ ಅಂದಳು. ಅದರ ನೆತ್ತಿ ಮುಟ್ಟಿ, ಇದು ನಾನು ಹೇಳಿದ ಧ್ರುವ ಅಂದಳು. ಆಮೇಲೆ ತೊಲೆಯ ಕಡೆ ಕೈ ಮಾಡಿ, ನಿಮ್ಮ ಧ್ರುವ ಅಲ್ಲಿ, ಅದಕ್ಕೂ ಎಷ್ಟೋ ಆಚೆ, ನಮ್ಮ ಗಾಳಿ ಅದಕ್ಕೆ ಮುಟ್ಟುವುದೇ ಇಲ್ಲ, ಅದು ಅಲುಗಿಲ್ಲ ಅಂದಳು. ಮುದುಕ ತಂಬಿಗೆಯನ್ನು ಒಂದು ಸುತ್ತು ತಿರುಗಿಸಿ ನೋಡಿದ.

"ಧ್ರುವ ಎರಡ ಅದಾವು ಅಂತ ಎಂಬತ್ತ ವರ್ಷಕ್ಕ ಇವತ್ತ ತಿಳೀತ್ರಿ ಅಕ್ಕೋರ. ನಮ್ಮ ಸಾಲ್ಯಾಗ ನಿಮ್ಮಂಥವರು ಇದ್ದಿದ್ರ ನಾನೂ ನಾಕ ಅಕ್ಷರ ಕಲೀತಿದ್ದೆ."

ಲಗ್ನ ಗೊತ್ತಾದ ದಿನಕ್ಕೇ ಆಗಲಿ ಎಂದ. ಸುವರ್ಣಾಳ ಕಣ್ಣು ತುಂಬಿತು. ಆಕೆ ಕಪ್ ಕೆಳಗಿಟ್ಟು ಏಳುವಾಗ ಮುದುಕ, ನಿಲ್ಲಿರಿ ಎಂದು ಕೈ ಸನ್ನೆ ಮಾಡಿದ. ತಲೆ ತಗ್ಗಿಸಿಯೇ ಮಾತಾಡಿದ.

"ನನಗ ತಿಳೀತು. ಬರೂ ಮಂದಿಗೆಲ್ಲಾ ತಂಬಗಿ ಹಿಡದ ತಿಳಿಸಾಕ ಆಗೂದಿಲ್ರಿ. ಹಂದರದಾಗ ನಿಮ್ಮನ್ನ ಕಂಡ್ರ ಮತ್ತ ಅದ ಮಾತ ಎತ್ತತಾರ. ನಾಳೆ ಆ ಹುಡಿಗಿಗಿ ಒಂದ ಸಣ್ಣ ತ್ರಾಸ ಬಂದರೂ ಅದನ್ನ ಎತ್ತತಾರ. ನೀವು ಶಾಣ್ಯಾರದೀರಿ."

ಹಂದರ ಹಾಕುವುದು ಶಂಕ್ರೆವ್ವನ ಬಾಗಿಲ ಮುಂದೆ. ಆ ಬಾಗಿಲ ಒಳಗೇ ತನ್ನ ಮೆಟ್ಟಿಲು. ಸುವರ್ಣಾ "ಆತ್ರಿ" ಅಂದಳು.

ಶಂಕ್ರೆವ್ವನಿಗೆ ಅರ್ಧ ಮಾತ್ರ ಹೇಳಿದಳು: ಲಗ್ನ ನಿಂತಿಲ್ಲ. ಮುದುಕಿ ಆಕೆಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಉಳಿದ ಅರ್ಧ ಮುಧೋಳದಿಂದ ಫೋನಿನಲ್ಲಿ ಬಂದಿರಬೇಕು. ಎರಡು ದಿನ ಬಿಟ್ಟು ಶಂಕ್ರೆವ್ವ ಮೊದಲ ಸಲ ಮೆಟ್ಟಿಲು ಹತ್ತಿ ಬಂದಳು, ಮೊಣಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತ. ಬಾಗಿಲಲ್ಲೇ ನಿಂತು ಗೋಡೆಯ ಕಡೆ ನೋಡಿ ಹೇಳಿದಳು: "ಬೀಗರು ಇಳಕೊಳ್ಳಾಕ ಈ ಖೋಲಿ ಬೇಕಾಗಿತ್ರಿ ಅಕ್ಕೋರ. ನಾಕ ದಿನದ ಮಾತ."

ನಾಲ್ಕು ದಿನ ಅನ್ನುವುದು ನಾಲ್ಕು ದಿನ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಜಗಳವಾಡಿದ್ದರೆ ಕೂಡ ಇಷ್ಟು ದೂರವಾಗುತ್ತಿರಲಿಲ್ಲ. ಸುವರ್ಣಾ ಮುದುಕಿಗೆ ಕೂಡಲು ಕುರ್ಚಿ ಸರಿಸಿದಳು. ಜಮಖಂಡಿಯಲ್ಲಿ ಒಂದು ಖೋಲಿ ನೋಡಿದ್ದೇನೆ, ಶಾಲೆಗೆ ಬಸ್ಸು ಇವೆ, ನನಗೂ ಮೊಣಕಾಲು ನೋವು, ಕೆಳಗಿನ ಮನೆಯೇ ಅನುಕೂಲ ಎಂದು ತಾನೇ ಕಾರಣ ಹುಡುಕಿ ಕೊಟ್ಟಳು. ಖೋಲಿ ಆಕೆ ಇನ್ನೂ ನೋಡಿರಲಿಲ್ಲ. ಶಂಕ್ರೆವ್ವ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಕೂತು ಸೆರಗಿನಿಂದ ಮೂಗು ಒರೆಸಿಕೊಂಡು ಇಳಿದು ಹೋದಳು.

ಮೂರನೆಯ ವಾರ ಥಂಡಿ ಬಂತು. ಬಡಗಣ ಗಾಳಿ, ಬ್ಲೇಡಿನಂಥದು, ತುಟಿ ಒಡೆಯುವಷ್ಟು ಒಣಗಿದ್ದು. ಓಣಿಯ ಮಗ್ಗಗಳೆಲ್ಲ ನಿಂತು ನಿಂತು ನಡೆದವು. ಅದು ಧ್ರುವದಿಂದ ಬಿಚ್ಚಿಕೊಂಡ ಥಂಡಿಯೋ, ಪ್ರತಿ ವರ್ಷದ ಹಾಗೆ ತಾನಾಗಿ ಬಂದದ್ದೋ, ಸುವರ್ಣಾಳಿಗೂ ಖಾತ್ರಿ ಇರಲಿಲ್ಲ. ಇರಬಹುದು, ಇರದೆಯೂ ಇರಬಹುದು. ಇಂಥ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆಕೆಯಲ್ಲಿ ಉಳಿದಿರಲಿಲ್ಲ. ಒಂದು ನಸುಕಿನಲ್ಲಿ ಯಾರೂ ಏಳುವ ಮೊದಲು ಇಳಿದು, ಮಗ್ಗದ ಖೋಲಿಯ ಕಿಟಕಿಗಳಿಗೆ ತೋಯ್ದ ಗೋಣಿ ಕಟ್ಟಿ ಬಂದಳು. ಕಟ್ಟಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಹೊರಡುವ ದಿನ ಓಣಿಯಲ್ಲಿ ಹಂದರದ ಕಂಬಕ್ಕೆ ಕುಣಿ ತೋಡುತ್ತಿದ್ದರು. ಆಟೋ ಒಳಗೆ ಬರುವಂತಿರಲಿಲ್ಲ. ಸುವರ್ಣಾ ಮೊದಲ ಸಲ ಪುಸ್ತಕದ ಗಂಟು ಹೊತ್ತು ಮೂಲೆಯ ತನಕ ಹೋಗಿ ಬಂದಳು. ಎರಡನೆಯ ಸಲ ಹಾಸಿಗೆ ಮತ್ತು ಪಾತ್ರೆಯ ಚೀಲ. ಕುಣಿ ತೋಡುವವರು ಹಾರೆ ಎತ್ತಿ ಪ್ರತಿ ಸಲವೂ ದಾರಿ ಬಿಟ್ಟರು. ಅರಿಷಿಣ ಹಚ್ಚಿಸಿಕೊಂಡ ನೇತ್ರಾ ಹೊಸ್ತಿಲು ದಾಟುವಂತಿರಲಿಲ್ಲ. ಒಳಗಿನಿಂದಲೇ, "ಅಕ್ಕೋರ, ಊಟರೆ ಮಾಡಿ ಹೋಗ್ರಿ" ಅಂದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಸುವರ್ಣಾ ಸುಳ್ಳು ಹೇಳಿದಳು. ಜಮಖಂಡಿಗೆ ಅರ್ಧ ತಾಸಿಗೊಂದು ಬಸ್ಸು.

ಮೂರನೆಯ ಸಲವೂ ಮೇಲೆ ಹೋದಳು. ತರುವುದು ಏನೂ ಇರಲಿಲ್ಲ. ಬರಿಯ ಖೋಲಿಯ ನಡುವೆ ನಿಂತು, ಬೀಗರು ಹಾಸಿಗೆ ಎಲ್ಲಿ ಹಾಸುತ್ತಾರೆ ಎಂದು ನೋಡಿದಳು. ಕಿಟಕಿಯ ಹತ್ತಿರ ಗಾಳಿ ಬಹಳ, ಮುದುಕರು ಮಲಗಿದರೆ ಕಷ್ಟ ಅನ್ನಿಸಿತು. ಕಿಟಕಿ ಎಳೆದು ಚಿಲಕ ಹಾಕಿದಳು. ಆಮೇಲೆ ಬರಿಗೈಯಲ್ಲಿ ಇಳಿದು, ಕೀಲಿಯನ್ನು ಮಗ್ಗದ ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಆ ಗಾಳಿಗೆ ಹೊರಬಿದ್ದಳು.