ಎರಡನೆಯ ಬಾಟಲಿ

ಪಂಪಿನ ಹಿಡಿ ಹಿತ್ತಾಳೆಯದು. ಬೆವರಿದ ಅಂಗೈಯಲ್ಲಿ ಜಾರುತ್ತಿತ್ತೆಂದು ಅದಕ್ಕೆ ಕರವಸ್ತ್ರ ಸುತ್ತಿಕೊಂಡಿದ್ದೆ. ಆ ದಿನವನ್ನು ನೆನೆಯುವಾಗಲೆಲ್ಲ ನನ್ನ ಮನಸ್ಸು ಈ ಕರವಸ್ತ್ರದಿಂದಲೇ ಶುರು ಮಾಡುತ್ತದೆ. ಬರಿಗೈಯಲ್ಲಿ ಹಿಡಿದಿದ್ದರೆ ಕೆಳಗಿನಿಂದ ಬಂದ ಸನ್ನೆ ಬೇಗ ತಿಳಿಯುತ್ತಿತ್ತೇನೋ ಎಂದು ಒಂದು ದಿನ ಅನಿಸುತ್ತದೆ. ಮರುದಿನ ಅದು ಬರೀ ನೆಪ ಅನಿಸುತ್ತದೆ. ಸನ್ನೆ ತಿಳಿದಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಹೋದಂತೆ ಕೈ ಹಿಂಜರಿದೀತು.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಬೇಸಿಗೆ. ನಮ್ಮದು ಮೂಡಲಗಿಯ ಕಾಳಿನ ವ್ಯಾಪಾರದ ಮನೆ. ನಾನು ಹೊರಗೆ ಹೋಗಿ ರಸಾಯನಶಾಸ್ತ್ರ ಕಲಿತು, ಮೇಲಿನ ಪದವಿಗಾಗಿ ಒಂದು ಸಂಶೋಧನೆಯ ವಿಷಯ ಹಿಡಿದುಕೊಂಡು ಊರಿಗೆ ಮರಳಿದ್ದೆ. ವಿಷಯ, ಹಗೇವಿನೊಳಗಿನ ಗಾಳಿ.

ಹಗೇವು ನೋಡದವರಿಗಾಗಿ ಎರಡು ಮಾತು. ಗಟ್ಟಿ ಗರಸು ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಭುಜ ಓರೆ ಮಾಡಿ ಇಳಿಯುವಷ್ಟು, ಒಳಗಿನ ಹೊಟ್ಟೆ ಎರಡಾಳಿಗಿಂತ ಆಳ. ಗೋಡೆಗೆ ಒಣ ಜೋಳದ ದಂಟಿನ ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಜೋಳಕ್ಕೆ ನುಸಿ ಹತ್ತುವುದಿಲ್ಲ. ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ; ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರಿ ಇಂಗಾಲಾಮ್ಲ ವಾಯು ತುಂಬುತ್ತದೆ; ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಇದು ನನ್ನ ಊಹೆ. ಊಹೆಗೆ ಅಂಕಿ ಬೇಕಿತ್ತು.

ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಊರಿನವರಿಗೆ ಇದು ನನಗಿಂತ ಬಹಳ ಮೊದಲೇ ಗೊತ್ತಿತ್ತು. ಅದಕ್ಕೇ ಹಗೇವಿನ ಕಲ್ಲು ಸರಿಸಿದ ಮೇಲೆ ಒಂದು ಇಡೀ ದಿನ ಬಾಯಿ ತೆರೆದೇ ಬಿಡುತ್ತಾರೆ. ಆಮೇಲೆ ಹಗ್ಗಕ್ಕೆ ಕಂಬಳಿ ಕಟ್ಟಿ ಇಳಿಸುತ್ತ ಎತ್ತುತ್ತ ಒಳಗಿನ ಗಾಳಿ ಕಲಕುತ್ತಾರೆ. ಕೊನೆಗೆ ದೀಪ ಇಳಿಬಿಡುತ್ತಾರೆ. ದೀಪ ತಳದವರೆಗೂ ಉರಿಯುತ್ತ ಹೋದರೆ ಮಾತ್ರ ಮನುಷ್ಯ ಇಳಿಯಬೇಕು. ಆ ದಿನ ಇವೆಲ್ಲವನ್ನೂ ತಪ್ಪಿಸಿದವನು ನಾನು. ನನಗೆ ಕಲಕದ ಗಾಳಿ ಬೇಕಾಗಿತ್ತು. ಕಂಬಳಿ ಬೀಸಿದರೆ ಹೊರಗಿನದು ಬೆರೆಯುತ್ತದೆ. ದೀಪ ಇಳಿಸಿದರೆ ದೀಪದ ಹೊಗೆಯನ್ನೇ ಅಳೆದಂತಾಗುತ್ತದೆ. ಹಾಗಂತ ಎಲ್ಲರಿಗೂ ತಿಳಿಸಿ ಹೇಳಿದ್ದೆ. ಚೆನ್ನಾಗಿಯೇ ಹೇಳಿದ್ದೆ.

ಹಳ್ಳಿ ಇದ್ದದ್ದು ಹುಕ್ಕೇರಿ ತಾಲೂಕಿನಲ್ಲಿ, ಕಣಗಲಾ ಊರಿನ ಆಚೆ. ಅಲ್ಲಿಯ ಕನ್ನಡ ಸಾಲೆಯ ಮಾಸ್ತರರು ನನ್ನ ಹಳೆಯ ಗೆಳೆಯರು. ಗಾಳಿಯ ಪಾಠವನ್ನು ಪುಸ್ತಕದಿಂದ ಓದಿ ಹೇಳುವ ಬದಲು ತಮ್ಮ ತಮ್ಮ ಮನೆಯ ಹಗೇವಿನ ಬಗ್ಗೆಯೇ ಮಕ್ಕಳಿಂದ ಬರೆಸಬೇಕೆಂದು ಅವರಿಗೆ ಹುಚ್ಚು. ಅವರೇ ನನ್ನನ್ನು ಊರಿನ ದೊಡ್ಡ ಒಕ್ಕಲುತನದ ಮನೆಗೆ ಕರೆದೊಯ್ದರು. ಗಂಡ ತೀರಿದ ಮೇಲೆ ಆ ಮನೆಯ ಯಜಮಾನಿಕೆ ನಡೆಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಊರೆಲ್ಲ ಅವರನ್ನು ಅವ್ವಾರು ಎನ್ನುತ್ತಿತ್ತು. ನಾವು ಹೋದಾಗ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಪಡಸಾಲೆಗೆ ಬಂದರು.

“ಗಾಳಿ ಒಯ್ದ ಏನ ಮಾಡ್ತೀರಿ?” ಅಂದರು.

“ಗೋಕಾಕಕ್ಕ ಒಯ್ದು ಅಳೀತಾರ್ರಿ, ಅವ್ವಾರ,” ಅಂದರು ಮಾಸ್ತರರು.

“ಅಳೀಲಿ. ಅಪ್ಪ ಮೂಡಲಗ್ಯಾಗ ಕಾಳ ಅಳದ. ಮಗ ಗಾಳಿ ಅಳ್ಯಾಕ ಕಲತ ಬಂದಾನ. ಮೊಮ್ಮಗ ಏನ ಅಳೀತಾನೋ.”

ನನ್ನ ಮೊದಲ ಉಪಾಯವನ್ನು ಅವರು ಅಲ್ಲಿಯೇ ಮುರಿದರು. ಬಾಟಲಿಗೆ ನೀರು ತುಂಬಿ ಹಗ್ಗದಿಂದ ಇಳಿಸಿ, ಒಳಗೆ ಬೋರಲು ಮಾಡಿದರೆ ನೀರು ಸುರಿದು ಆ ಜಾಗಕ್ಕೆ ಅಲ್ಲಿಯ ಗಾಳಿ ತುಂಬುತ್ತದೆ. ಕಾಲೇಜಿನಲ್ಲಿ ಕಲಿತ ದಾರಿ ಅದು.

“ನನ್ನ ಜ್ವಾಳದ ಮ್ಯಾಲ ನೀರ ಸುರವತೀ?” ಅಂದರು ಅವ್ವಾರು. “ಮಾಸ್ತರ, ಈತ ಖರೆ ಕಾಳಿನ ವ್ಯಾಪಾರದವರ ಮಗನೇನ್ರಿ?”

ಅದಕ್ಕೆ ಪಂಪು ಬಂತು, ಉದ್ದನೆಯ ರಬ್ಬರ್ ನಳಿಗೆ ಬಂತು. ಹಗೇವಿನಲ್ಲಿ ಅರ್ಧಕ್ಕಷ್ಟೇ ಕಾಳು ಉಳಿದಿತ್ತು. ನಳಿಗೆಯ ತುದಿಯನ್ನು ಕಾಳಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿ, ಮೇಲಿನಿಂದ ಅರವತ್ತು ಸಲ ಪಂಪು ಎಳೆದರೆ ಒಂದು ಬಾಟಲಿ ಸರಿಯಾಗಿ ತುಂಬುತ್ತಿತ್ತು. ಆದರೆ ನಳಿಗೆ ನೆಟ್ಟಗೆ ಇಳಿಯಲೇ ಇಲ್ಲ. ಗೋಡೆಯ ಕಣಿಕೆಗೆ ಬಡಿದು ಸುತ್ತಿಕೊಂಡಿತು. ತೂಕ ಕಟ್ಟಿದರೆ ತುದಿ ಕಾಳಿನಲ್ಲಿ ಹೂತು ಧೂಳು ಎಳೆಯಿತು. ಕಲ್ಲು ಸರಿಸಿ ಹೊತ್ತಾಗುತ್ತಿತ್ತು. ನನ್ನ ಕಲಕದ ಗಾಳಿ ನಿಮಿಷಕ್ಕಿಷ್ಟು ಹೊರಗಿನದರೊಡನೆ ಬೆರೆಯುತ್ತಿದೆ ಎಂದು ನಾನು ಅವಸರಿಸುತ್ತಿದ್ದೆ.

ಆಗ ಮುಂದೆ ಬಂದವನು ಆ ಊರಿನಲ್ಲಿ ಹಗೇವು ಇಳಿಯುತ್ತಿದ್ದ ಆಳು. ಕುರುಬರ ಮನೆತನದವನು, ಮೂವತ್ತರ ಆಸುಪಾಸು, ಅಗಲ ಎದೆ. ಇವನ ಕಾಲು ಬೀಳದೆ ಯಾರ ಮನೆಯ ಹಗೇವಿನಿಂದಲೂ ಜೋಳ ಮೇಲೆ ಬರುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅವನನ್ನು ಮನೆಮನೆಯವರು ಕರೆಯುತ್ತಿದ್ದರು, ಅದು ಅವನ ಹಿರಿಮೆ.

“ನಾ ಇಳದ ಹಿಡೀತೀನ್ರಿ ನಳಗಿ,” ಅಂದ. “ಉಸುರು ಬಿಗೀ ಹಿಡದ ಇಳದ್ರ ನಿಮ್ಮ ಗಾಳಿ ನನಗ್ಯಾಕ? ಅವ್ವನ ತವರ ಧುಪದಾಳ ನಮ್ಮದು. ಹೊಳಿ ಕಟ್ಟಿ ಕೆಳಗ ಮುಳಗಿದ್ನೆಂದ್ರ ದಂಡಿ ಮ್ಯಾಲಿನವರು ಅಳಾಕ ಸುರು ಮಾಡೂತನಕ ಏಳ್ತಿದ್ದಿಲ್ಲ.”

“ಈ ಸಲಾನೂ ಅಳಸಬ್ಯಾಡ,” ಅಂದ ಹಗ್ಗ ಹಿಡಿಯುವ ಇಬ್ಬರಲ್ಲಿ ಒಬ್ಬ.

ಅವ್ವಾರು ನಗಲಿಲ್ಲ. “ದೀಪ ಇಳಸರಿ ಮೊದಲ,” ಅಂದರು. ದೀಪ ಇಳಿಸಿದರೆ ಇಷ್ಟು ದಿನದ ಕೆಲಸ ವ್ಯರ್ಥ ಎಂದು ನಾನು ಹೇಳಿದೆ. ಮಾಸ್ತರರು ನನ್ನ ಮುಖ ನೋಡಿದರು. ಓದಿದವನ ಮಾತೆಂದು ಅವ್ವಾರು ದೀಪದ ಹಟ ಬಿಟ್ಟರು. ಅವನು ಎದೆಗೆ ಹಗ್ಗ ಕಟ್ಟಿಸಿಕೊಂಡು ಬಾಯಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ. ಏನಾದರೂ ಆದರೆ ಹಗ್ಗ ಜಗ್ಗುವುದು ಎಂದು ಮಾತಾಯಿತು.

“ಒಂದ ಬಾಟ್ಲಿ ಅಲ್ರಿ?” ಅಂದ.

“ಹೌದು,” ಅಂದೆ.

“ಇಳೀಲೇನ್ರಿ?”

ಗೋಕಾಕದ ಸುತ್ತಿನ ಎರಡು ಹಗೇವುಗಳ ಗಾಳಿಯನ್ನು ನಾನು ಆಗಲೇ ಅಳೆದಿದ್ದೆ. ಗೋಕಾಕದ ಒಂದು ಶಾಲೆಯವರು ರಜೆಯಲ್ಲಿ ತಮ್ಮ ವಿಜ್ಞಾನದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಬಂದ ಅಂಕಿ ನನ್ನ ಜೇಬಿನ ವಹಿಯಲ್ಲಿತ್ತು. ಆ ಗಾಳಿಯನ್ನು ನಾಲ್ಕು ಸಲ ಎಳೆದುಕೊಂಡರೆ ಮನುಷ್ಯ ಬೀಳುತ್ತಾನೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಲೆಕ್ಕ ಹಾಕಿ ಗೊತ್ತಿತ್ತು. ನಾನು ತಲೆಯಾಡಿಸಿದೆ.

ಅವನು ಇಳಿದ. ನಳಿಗೆ ಬಿಗಿಯಾಯಿತು, ಸರಿಯಾದ ಎತ್ತರಕ್ಕೆ ನಿಂತಿತು. ಎಳೆಯತೊಡಗಿದೆ. ಅರವತ್ತು. ಬಾಟಲಿಗೆ ಬಿರಡೆ ಒತ್ತಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ನನ್ನ ಪ್ರಾಧ್ಯಾಪಕರು ಎಲ್ಲ ಮಾದರಿಯನ್ನೂ ಎರಡೆರಡು ತೆಗೆಯಿಸುತ್ತಿದ್ದರು. ಒಂದೇ ಮಾದರಿಯೆಂದರೆ ಸಾಕ್ಷಿಯಿಲ್ಲದ ಮಾತು ಎಂಬುದು ಅವರ ಪಾಠ. ಒಳ್ಳೆಯ ಪಾಠ ಅದು, ಈಗಲೂ ಹಾಗೇ ಅನ್ನುತ್ತೇನೆ. ಎರಡನೆಯ ಬಾಟಲಿ ನನ್ನ ಮೊಣಕಾಲಿನ ಬದಿಗೇ ಇತ್ತು. ಅವನು ನೀರಿನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಇರುತ್ತಾನೆ ಎಂದುಕೊಂಡೆ. ನಳಿಗೆ ಅದಕ್ಕೆ ಸಿಕ್ಕಿಸಿ ಮತ್ತೆ ಎಳೆಯತೊಡಗಿದೆ.

ಇಪ್ಪತ್ತಕ್ಕೆ ಒಂದು ಜಗ್ಗು ಬಂತು. ಹಗ್ಗಕ್ಕಲ್ಲ, ನಳಿಗೆಗೆ. ಕೈಯಲ್ಲಿ ಹಿಡಿದದ್ದು ಅದೇ ಆದ್ದರಿಂದ ಅದನ್ನೇ ಜಗ್ಗಿದ್ದ. ಹಗ್ಗ ಹಿಡಿದವರಿಗೆ ಏನೂ ತಿಳಿಯಲಿಲ್ಲ. ಸ್ವಲ್ಪ ಬಿಟ್ಟು ಇನ್ನೊಂದು. ಕೈ ಬದಲಿಸುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯದು ಬಂದಾಗ ನಾನು ಮೂವತ್ತನ್ನು ದಾಟಿದ್ದೆ. ಇನ್ನರ್ಧವೂ ಇಲ್ಲ ಎಂದುಕೊಂಡೆ. ಪಂಪು ಎಳೆಯುತ್ತಲೇ ಇದ್ದೆ. ನಲವತ್ತರ ಹತ್ತಿರ ಹಿಡಿ ಗಟ್ಟಿಯಾಗಿ ನಿಂತುಬಿಟ್ಟಿತು. ನಳಿಗೆಯ ತುದಿ ಕಾಳಿನಲ್ಲಿ ಹೂತಿತ್ತು.

ಬಗ್ಗಿ ನೋಡಿದೆ. ಕತ್ತಲಲ್ಲಿ ಅವನ ಬೆನ್ನು ಕಂಡಿತು. ಜೋಳದ ಮೇಲೆ ಬೋರಲು ಬಿದ್ದಿದ್ದ.

ನಾನು ಎರಡೂ ಕಾಲು ಒಳಗಿಟ್ಟಿದ್ದೆ. ಅವ್ವಾರು ಹಿಂದಿನಿಂದ ನನ್ನ ಅಂಗಿಯ ಕಾಲರು ಹಿಡಿದು ಎಳೆದು ಅಂಗಳಕ್ಕೆ ಕೆಡವಿದರು.

“ಅಲ್ಲಿ ಹೋಗಿ ಏನ ಓದತಿ? ಒಬ್ಬಂವ ಸಾಲಲಿಲ್ಲೇನು?” ಅಂದು, ಹಗ್ಗದವರ ಕಡೆ ತಿರುಗಿ, “ಜಗ್ಗರಿ. ಕೂಡಿ ಜಗ್ಗರಿ,” ಅಂದರು.

ಮೈ ಮೇಲೆ ಬಂತು, ಆದರೆ ಕೊರಳಿನಂಥ ಬಾಯಿಯಲ್ಲಿ ಭುಜ ಸಿಕ್ಕಿತು. ಕೆಳಗೆ ಬಿಟ್ಟು ಮತ್ತೆ ಎಳೆದರು. ಎರಡನೆಯ ಸಲವೂ ಸಿಕ್ಕಿತು. ಅವ್ವಾರು ನೆಲಕ್ಕೆ ಮಲಗಿ, ಮುಖ ಒಂದು ಬದಿಗೆ ತಿರುಗಿಸಿ, ಕೈ ಒಳಗೆ ಹಾಕಿ ಅವನ ತೋಳನ್ನು ಮೇಲಕ್ಕೆ ಎತ್ತಿ ಹಿಡಿದರು. ಓರೆಯಾಗಿ ಹೊರಗೆ ಬಂದ. ಮುಖ ನೇರಳೆ ಹಣ್ಣಿನ ಬಣ್ಣ, ಬಾಯಿ ತುಂಬ ಜೋಳ.

ಮುಂದಿನದನ್ನು ಮಾಡಿದವರು ಮಾಸ್ತರರು. ನೀರಿನಲ್ಲಿ ಮುಳುಗಿದವರಿಗೆ ಉಸಿರು ತರಿಸುವುದನ್ನು ಶಿಕ್ಷಕರ ತರಬೇತಿಯಲ್ಲಿ ಅವರಿಗೆ ಕಲಿಸಿದ್ದರಂತೆ. ಬಾಯಿಯ ಕಾಳು ತೆಗೆದು, ಬೋರಲು ಮಲಗಿಸಿ, ಸೊಂಟದ ಮೇಲೆ ಎರಡೂ ಅಂಗೈ ಇಟ್ಟು ಮೈಭಾರ ಹಾಕಿ ಒತ್ತುವುದು, ಬಿಡುವುದು. ಒತ್ತುವುದು, ಬಿಡುವುದು. ಅವರ ಟೊಪ್ಪಿಗೆ ಬಿದ್ದು ಉರುಳಿ ಹೋಯಿತು. ನಾನು ಎಣಿಸುತ್ತಿದ್ದೆ, ನಿಲ್ಲಿಸಲಾಗಲಿಲ್ಲ. ಎಷ್ಟಕ್ಕೆ ಅವನು ಕೆಮ್ಮಿದನೆಂದು ನನಗೆ ಗೊತ್ತು. ಅದನ್ನು ಬರೆಯಲಾರೆ.

ಚಕ್ಕಡಿಯಲ್ಲಿ ಹುಕ್ಕೇರಿಯ ದವಾಖಾನೆಗೆ ಒಯ್ದೆವು. ಡಾಕ್ಟರರು, ಎಷ್ಟು ಹೊತ್ತು ಒಳಗಿದ್ದ ಎಂದು ನನ್ನನ್ನೇ ಕೇಳಿದರು. ಓದಿದವನೆಂದು ಕೇಳಿದರು. “ಒಂದು ನಿಮಿಷ ಇರಬಹುದು,” ಅಂದೆ.

ಸಂಜೆಗೆ ಅವನಿಗೆ ಮಾತು ಬಂತು. ಹಾಸಿಗೆಯ ಸುತ್ತ ಹಗ್ಗದವರಿಬ್ಬರು, ಮಾಸ್ತರರು, ನಾನು. ಅವನು ನನ್ನನ್ನೇ ನೋಡಿ, ಒಡೆದ ದನಿಯಲ್ಲಿ, “ನಾ ನಳಗಿ ಜಗ್ಗಿದ್ದೆ. ನಿಮಗ ಗೊತ್ತಾಗಲಿಲ್ಲೇನ್ರಿ?” ಅಂದ.

“ಇಲ್ಲ,” ಅಂದೆ.

ಆ ಒಂದು ಮಾತು ಊರಿಗೆ ಹೋಯಿತು. ಅವನು ಸನ್ನೆ ಮಾಡಲಿಲ್ಲ, ಹೆದರಿ ಉಸಿರು ಬಿಟ್ಟ, ಧುಪದಾಳದ ಮಾತೆಲ್ಲ ಬಡಾಯಿ ಎಂದಾಯಿತು.

ಗೋಕಾಕಕ್ಕೆ ಬಂದು ಬಾಟಲಿಗಳನ್ನು ಅಳೆದೆ. ಎರಡನೆಯದು ಅರೆಬರೆ ತುಂಬಿದ್ದರೂ ಅಳೆದೆ. ಎರಡರ ಅಂಕಿಯೂ ಒಂದೇ ಬಂತು. ಪ್ರಾಧ್ಯಾಪಕರಿಗೆ ಅಂಕಿಗಳನ್ನು ಕಳಿಸಿದಾಗ, ಇಷ್ಟು ಶುದ್ಧ ಮಾದರಿ ಹೇಗೆ ಸಿಕ್ಕಿತು ಎಂದು ಮೆಚ್ಚಿ ಬರೆದರು. ಪ್ರಬಂಧದಲ್ಲಿ ನಾನು ಹಾಕಿದ್ದು ಒಂದೇ ಸಾಲು: ಮಾದರಿಯನ್ನು ಕಾಳಿನ ಮಟ್ಟದಲ್ಲಿ ಸಹಾಯಕನ ನೆರವಿನಿಂದ ತೆಗೆಯಲಾಯಿತು. ಪದವಿ ಬಂತು.

ಆ ಇಡೀ ವರ್ಷ ನಾನು ನೆಟ್ಟಗೆ ಒಂದು ಕಡೆ ಕೂತಿದ್ದು ನೆನಪಿಲ್ಲ. ಮೂಡಲಗಿಯ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುವ ದಾರ ಯಾರಾದರೂ ಎಳೆದರೆ ಕೈ ಸೆಟೆಯುತ್ತಿತ್ತು. ಗೋಕಾಕ ಫಾಲ್ಸಿಗೆ ಗೆಳೆಯರು ಕರೆದೊಯ್ದಾಗ, ನೀರು ನೋಡುವ ಬದಲು ಮಡುವಿನಲ್ಲಿ ಮುಳುಗಿದ ಈಜುಗಾರರು ಏಳುವವರೆಗೆ ಎಣಿಸುತ್ತ ನಿಂತೆ. ಊಟದ ನಡುವೆ ಎದ್ದು ಹೊರಗೆ ಹೋಗುತ್ತಿದ್ದೆ. ನಮ್ಮವ್ವ, ಏನಾಗೇತಿ ಅಂತ ಕೇಳಿದರೆ ಸೆಕೆ ಅನ್ನುತ್ತಿದ್ದೆ.

ಮರುವರ್ಷದ ಬೇಸಿಗೆಗೆ ಮಾಸ್ತರರ ಕಾಗದ ಬಂತು. ಬೇರೆ ಸುದ್ದಿಗಳ ನಡುವೆ ಎರಡು ಸಾಲು: ಅವನನ್ನು ಈ ವರ್ಷ ಯಾರೂ ಹಗೇವಿಗೆ ಕರೆದಿಲ್ಲ. ನೆರೆಯ ಊರಿನಿಂದ ಆಳು ತರಿಸುತ್ತಿದ್ದಾರೆ. ಅವನು ಕುರಿಗಳ ಹಿಂದೆ ಹೋಗುತ್ತಾನೆ, ಯಾರೊಡನೆಯೂ ಮಾತಿಲ್ಲ.

ಮರುದಿನದ ಬಸ್ಸಿಗೇ ಹೊರಟೆ. ಹಳ್ಳಿ ಮುಟ್ಟಿದಾಗ ಅವ್ವಾರ ಅಂಗಳದಲ್ಲಿ ಹಗೇವು ಹಿಂದಿನ ದಿನವೇ ತೆಗೆದು, ಆ ಹಗ್ಗದವರಿಬ್ಬರು ಕಂಬಳಿ ಬೀಸುತ್ತಿದ್ದರು. ಹೊರಗಿನ ಆಳು ಇನ್ನೂ ಬಂದಿರಲಿಲ್ಲ. ನಾನು ಮಾಸ್ತರರಿಗೆ ಅವನನ್ನು ಕರೆತರಲು ಹೇಳಿದೆ. ಅವನು ಬಂದು, ಅಂಗಳದೊಳಗೆ ಕಾಲಿಡದೆ, ಕೋಲಿಗೆ ಗದ್ದ ಊರಿ ಹೊರಗೇ ನಿಂತ.

ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಹೋಯಿತು. “ಇವನು ಸನ್ನೆ ಮಾಡಿದ್ದ,” ಅಂದೆ. “ನಳಿಗೆ ಜಗ್ಗಿದ್ದು ನನಗೆ ತಿಳಿದಿತ್ತು. ಒಂದೇ ಬಾಟಲಿ ಅಂತ ಹೇಳಿ ಎರಡನೆಯದನ್ನು ತುಂಬುತ್ತಿದ್ದೆ. ದವಾಖಾನೆಯಲ್ಲಿ ಸುಳ್ಳು ಹೇಳಿದೆ.”

ಕಂಬಳಿ ಬೀಸುತ್ತಿದ್ದವರ ಕೈ ನಿಂತಿತು.

“ಎಷ್ಟ ಸಲ ಜಗ್ಗಿದೆ, ಹೇಳ್ರಿ,” ಅಂದ ಅವನು ಹೊರಗಿನಿಂದ.

“ಮೂರು.”

ಅವನು ಹಗ್ಗದವರನ್ನು ನೋಡಿದ. “ಕೇಳಿದ್ರಿಲ್ಲೋ?” ಅಂದ. “ವರಸಾತು, ಮೂರು ಅಂತ ಹೇಳ್ಕೋತ ಬಂದೇನಿ. ನಿದ್ದಿಗಣ್ಣಾಗ ಎಣಸ್ಯಾನ ಅಂದ್ರಿ.”

ಅವರಲ್ಲೊಬ್ಬ ತಲೆ ಕೆರೆದುಕೊಂಡ. ಅವ್ವಾರು ನನ್ನ ಕಡೆ ತಿರುಗಿದರು. ಬೈಯುತ್ತಾರೆಂದುಕೊಂಡೆ, ಬೈಯಲಿ ಎಂದೂ ಇತ್ತು. ಅವರು ಒಳಗೆ ಹೋಗಿ, ದೀಪ ಹಚ್ಚಿಕೊಂಡು ಬಂದು ಅವನ ಕೈಗೇ ಕೊಟ್ಟರು. ಅವನು ಅದನ್ನು ತಾನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ತಳ ಮುಟ್ಟಿದರೂ ಉರಿಯುತ್ತಿತ್ತು. ಇನ್ನಷ್ಟು ಹೊತ್ತು ಬಿಡು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ರುಮಾಲು ಬಿಚ್ಚಿ ಕಟ್ಟೆಯ ಮೇಲಿಟ್ಟು, ಎದೆಗೆ ಹಗ್ಗ ಬಿಗಿದುಕೊಂಡ.

ಹಗ್ಗದ ಇನ್ನೊಂದು ತುದಿಗೆ ನಾನು ಕೈ ಚಾಚಿದೆ.

“ನೀವು ಅಲ್ಲೇ ನಿಂದರ್ರಿ, ಸಾಹೇಬರ,” ಅಂದ. ಸಿಟ್ಟಿನಿಂದ ಅಂದದ್ದಲ್ಲ. ಹಗ್ಗವನ್ನು ಮಾಸ್ತರರ ಕೈಗೆ ಕೊಟ್ಟು, ಭುಜ ಓರೆ ಮಾಡಿ ಇಳಿದ. ನಾನು ಬೇವಿನ ನೆರಳಿನಲ್ಲಿ ನಿಂತು, ಮೊದಲ ಬುಟ್ಟಿ ಮೇಲೆ ಬರುವವರೆಗೆ ಎಣಿಸಿದೆ.