ಡೌಟಪ್ಪನ ಸರ್ವರ್

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಡೌಟಪ್ಪ. ಇಪ್ಪತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಹಳೆಯ ಗಡಿಯಾರ ಮಾರಲು ಬಂದವರು ಮುಳ್ಳು ತಿರುಗುವುದನ್ನು ತೋರಿಸುತ್ತಿದ್ದರೆ ಇವನು ಹಿಂದಿನ ಮುಚ್ಚಳ ಬಿಚ್ಚುತ್ತಿದ್ದ. ಹೆಂಡತಿ ಮಳೆ ಬರುತ್ತಿದೆ ಎಂದರೂ ಕಿಟಕಿಯಿಂದ ಕೈ ಚಾಚಿ ನೋಡಿಯೇ ನಂಬುವ ಆಸಾಮಿ.

ಜನ ಮೊಬೈಲಿನಲ್ಲೇ ಗಂಟೆ ನೋಡತೊಡಗಿದ ಮೇಲೆ ಅದೇ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡ. ಹಲ್ಲಿನ ಡಾಕ್ಟರು, ಟೈಲರು, ಡ್ರೈವಿಂಗ್ ಸ್ಕೂಲಿನವರು ಅಂತ ಇಪ್ಪತ್ತೆರಡು ಮಂದಿಯ ವೆಬ್‌ಸೈಟು ನೋಡಿಕೊಳ್ಳುವ ಕೆಲಸ ಇವನ ಪಾಲಿಗೆ ಬಂತು. ಇಪ್ಪತ್ತಮೂರನೆಯದು ಅಕ್ಕನದು, ಬಿಟ್ಟಿ. ಅದರಲ್ಲಿ ಇದ್ದದ್ದು ತೀರಿಹೋದ ಭಾವನ ದನಿ.

ಭಾವ ಕೊಳಲು ಕಲಿಸುತ್ತಿದ್ದರು. ಇನ್ನೂರ ಹದಿನಾಲ್ಕು ಪಾಠಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. ಅವುಗಳಲ್ಲಿ ಕೊಳಲಿಗಿಂತ ಮಾತೇ ಹೆಚ್ಚು. ನಡುವೆ ಕೆಮ್ಮು, 'ಏಯ್, ಒಂದು ಲೋಟ ನೀರು ತಾರೇ' ಎಂಬ ಕೂಗು. ಅಕ್ಕ ಮಧ್ಯಾಹ್ನ ಹೊಲಿಗೆ ಮಿಷನ್ ಪಕ್ಕ ಫೋನಿಟ್ಟುಕೊಂಡು ದಿನಕ್ಕೊಂದು ಪಾಠ ಕೇಳುತ್ತಿದ್ದಳು. ಭಾವನ ಕಂಪ್ಯೂಟರ್ ಕೆಟ್ಟು ಗುಜರಿ ಸೇರಿದ ಮೇಲೆ ಆ ದನಿ ಉಳಿದದ್ದು ತಮ್ಮನ ಸುಪರ್ದಿನಲ್ಲಿ ಮಾತ್ರ.

ಸೈಟುಗಳೆಲ್ಲ ಒಂದು ಕಂಪನಿಯ ಸರ್ವರಿನಲ್ಲಿ, ಗುರುತು ಪರಿಚಯವಿಲ್ಲದ ನೂರಾರು ಸೈಟುಗಳ ಜೊತೆ ಒತ್ತಿಕೊಂಡು ಕೂತಿದ್ದವು. ವಠಾರಕ್ಕೊಂದೇ ನಲ್ಲಿ ಇದ್ದ ಹಾಗೆ. ಯಾರೋ ಕೊಡ ಇಟ್ಟರೆ ಇವನ ಕಡೆ ನೀರು ಸಣ್ಣಗಾಗುತ್ತಿತ್ತು. ಡಾಕ್ಟರ ಸೈಟು ವಾರದಲ್ಲಿ ಎರಡು ಸಲ ನಿಂತಾಗ ಡೌಟಪ್ಪನಿಗೆ ಖಾತ್ರಿಯಾಯಿತು: ದೊಡ್ಡ ಪ್ಲಾನ್ ತಲೆಗೆ ಕಟ್ಟಲು ಇವರೇ ಬೇಕಂತ ನಿಲ್ಲಿಸುತ್ತಿದ್ದಾರೆ. ಇನ್ನು ಇವರ ಸಹವಾಸ ಸಾಕು, ಇಡೀ ಯಂತ್ರ ತನ್ನೊಬ್ಬನಿಗೇ ಇರುವಂಥ ಸರ್ವರ್ ಬಾಡಿಗೆಗೆ ಹಿಡಿಯಬೇಕು ಎಂದು ತೀರ್ಮಾನಿಸಿದ. ಬಜೆಟ್ ಮಾತ್ರ ಸಣ್ಣದು.

ಅಗ್ಗದ ಸರ್ವರ್ ಎಂದರೆ ಯಾರೋ ಬಳಸಿ ಬಿಟ್ಟ ಯಂತ್ರ ಎಂದು ಅವನಿಗೆ ಗೊತ್ತಿತ್ತು. ಅದರ ಹಿಂದಿನ ಮುಚ್ಚಳ ಬಿಚ್ಚುವುದು ಹೇಗೆ? ಅದಕ್ಕೂ ದಾರಿ ಹುಡುಕಿದ. ಡಿಸ್ಕು ತಾನು ಇಷ್ಟರವರೆಗೆ ಎಷ್ಟು ಗಂಟೆ ಓಡಿದ್ದೇನೆ ಎಂಬುದನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಮಾರುವವರಿಗೆಲ್ಲ ಫೋನ್ ಮಾಡಿ ಅದನ್ನೇ ಕೇಳಿದ. ಒಬ್ಬ 'ಎಲ್ಲಾ ಹೊಚ್ಚ ಹೊಸದು ಸಾರ್' ಎಂದ; ಎರಡು ದಿನ ಪರೀಕ್ಷೆಗೆಂದು ಪಡೆದು ನೋಡಿದರೆ ನಲವತ್ತು ಸಾವಿರ ಗಂಟೆ ಓಡಿದ ಮುದಿ ಡಿಸ್ಕು. ಇನ್ನೊಬ್ಬ ಪ್ರಶ್ನೆಯೇ ಅರ್ಥವಾಗದೆ ರಿಯಾಯಿತಿ ಕೊಡಲು ಬಂದ.

ಮೂರನೆಯದು ಸಣ್ಣ ಕಂಪನಿ. ಫೋನ್ ತೆಗೆದ ಹೆಂಗಸು 'ತಾಳಿ, ನೋಡಿ ಹೇಳ್ತೀನಿ' ಎಂದು ಹೋಗಿ ಬಂದಳು.

"ಎರಡು ಡಿಸ್ಕಿದೆ ಸಾರ್. ಒಂದು ಹನ್ನೊಂದು ಸಾವಿರ ಗಂಟೆ ಓಡಿದೆ, ಇನ್ನೊಂದು ಹದಿಮೂರು. ಡಿಸ್ಕು ಆಮೇಲೆ ಹಾಕಿದ್ದು, ಯಂತ್ರ ಮಾತ್ರ ನಾಲ್ಕು ವರ್ಷ ಹಳೇದು. ಅದಕ್ಕೇ ಬಾಡಿಗೆ ಕಡಿಮೆ."

ಡೌಟಪ್ಪನ ಹುಬ್ಬು ಮೇಲೇರಿತು. ಕೇಳಿದ್ದಕ್ಕೆಲ್ಲ ನಿಜ ಹೇಳುವವಳು ಎಂದರೆ ದೊಡ್ಡ ಟೋಪಿಯನ್ನೇ ಹೊಲಿಯುತ್ತಿದ್ದಾಳೆ! ಇವಳ ಹತ್ತಿರವೂ ಎರಡು ದಿನ ಪರೀಕ್ಷೆಗೆ ಪಡೆದ. ಲೆಕ್ಕ ಕರಾರುವಾಕ್ಕಾಗಿತ್ತು. ಯಾವ ತಪ್ಪೂ ಸಿಗದೆ, ಒಲ್ಲದ ಮನಸ್ಸಿನಿಂದಲೇ ಒಪ್ಪಿಕೊಂಡ.

"ಬ್ಯಾಕಪ್ ಇದೆಯಾ ಸಾರ್?" ಎಂದು ಅವಳು ಕೇಳಿದಳು.

"ದಿನಾ ಬೆಳಿಗ್ಗೆ ಆಗುತ್ತೆ. ನನ್ನ ಅಂಗಡೀಲೇ, ನನ್ನ ಡಿಸ್ಕಲ್ಲೇ."

"ತೆಗೆದು ನೋಡಿದೀರಾ?"

ಅವನಿಗೆ ರೇಗಿತು. ಯಾರಿಗೆ ಯಾರು ಹೇಳುವ ಮಾತು ಇದು?

"ಬೇಜಾರು ಮಾಡ್ಕೋಬೇಡಿ. ಹಳೇ ಜಾಗ ಇನ್ನೊಂದು ತಿಂಗಳು ಬಿಡಬೇಡಿ, ಅಷ್ಟೇ."

ಈ ಮಾತು ಅವನ ತಲೆಯಲ್ಲಿ ಹುಳದ ಹಾಗೆ ಕೊರೆಯಿತು. ಹಳೇ ಕಂಪನಿಗೆ ಇನ್ನೊಂದು ತಿಂಗಳ ಬಾಡಿಗೆ ಹೋದರೆ ಇವಳಿಗೇನು ಲಾಭ? ಒಳಗೊಳಗೇ ಇಬ್ಬರೂ ಒಂದೇ ಇರಬೇಕು. ತಾನು ಬಿಟ್ಟುಹೋದ ಮೇಲೆ ಹಳೇ ಕಂಪನಿಯವರು ತನ್ನ ಗಿರಾಕಿಗಳ ಮಾಹಿತಿ ಇಟ್ಟುಕೊಂಡು ಅವರನ್ನು ಸೆಳೆದುಕೊಂಡರೆ? ಬ್ಯಾಕಪ್ ಕೈಯಲ್ಲಿದೆ, ಒಂದು ರಾತ್ರಿ ಸೈಟು ನಿಂತರೆ ನಿಲ್ಲಲಿ ಎಂದುಕೊಂಡು ಅವತ್ತೇ ಸಂಜೆ ಹಳೇ ಕಂಪನಿಗೆ ಬರೆದ: ನನ್ನದೆಲ್ಲವನ್ನೂ ಈ ಕೂಡಲೇ ಅಳಿಸಿ, ನಕಲು ಕೂಡ ಇರಕೂಡದು. ಅಳಿಸಿದ್ದೇವೆ ಎಂದು ಉತ್ತರ ಬಂತು. ನಂಬಲಿಲ್ಲ. ಪುರಾವೆ ಕೊಡಿ ಎಂದು ಮತ್ತೆರಡು ಸಲ ಬರೆದ. ಮೂರನೆಯ ಪತ್ರಕ್ಕೆ ಸಹಿ ಹಾಕಿದ ಪುರಾವೆಯೇ ಬಂತು. ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ ಗೆದ್ದವನಂತೆ ನಕ್ಕ.

ಮಾರನೇ ದಿನ ಬ್ಯಾಕಪ್ಪಿನಿಂದ ಸೈಟುಗಳನ್ನು ಹೊಸ ಸರ್ವರಿಗೆ ಏರಿಸಿದ. ಡಾಕ್ಟರ ಸೈಟು ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆಯಿತು. ಟೈಲರದ್ದೂ ಅಷ್ಟೇ. ಕೊನೆಗೆ ಅಕ್ಕನದು. ಕೊಳಲು ಹಿಡಿದ ಭಾವನ ಫೋಟೋ ಬಂತು, ಪಾಠಗಳ ಪಟ್ಟಿ ಬಂತು. ಮೊದಲನೇ ಪಾಠ ಒತ್ತಿದ. ಸದ್ದಿಲ್ಲ. ಎರಡನೆಯದು, ಐವತ್ತನೆಯದು, ಕೊನೆಯದು. ಸದ್ದಿಲ್ಲ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ, ರೆಕಾರ್ಡಿಂಗ್ ಭಾರವಾಯಿತೆಂದು ತಾನೇ ಅವನ್ನು ಹಳೇ ಕಂಪನಿಯ ಸರ್ವರಿನಲ್ಲೇ ಬೇರೆ ಕಡೆಗೆ ಸರಿಸಿ, ಹಳೆಯ ಜಾಗದಲ್ಲಿ 'ಅಲ್ಲಿದೆ ನೋಡು' ಎಂಬ ಗುರುತು ಮಾತ್ರ ಬಿಟ್ಟಿದ್ದ. ಬ್ಯಾಕಪ್ಪು ಎರಡು ವರ್ಷ ದಿನಾ ಬೆಳಿಗ್ಗೆ ಹಿಂದಿನ ನಕಲನ್ನು ಅಳಿಸಿ ಆ ಗುರುತನ್ನೇ ನಕಲು ಮಾಡಿಕೊಂಡಿತ್ತು. ಊರಿನವರ ಮುಚ್ಚಳವನ್ನೆಲ್ಲ ಬಿಚ್ಚಿದವನು ತನ್ನದನ್ನು ಒಂದು ದಿನವೂ ಬಿಚ್ಚಿರಲಿಲ್ಲ.

ಹಳೇ ಕಂಪನಿಗೆ ಫೋನ್ ಮಾಡಿ ಗೋಗರೆದ.

"ಎಲ್ಲೋ ಒಂದು ನಕಲು ಇಟ್ಟಿರ್ತೀರಲ್ಲ ಸಾರ್, ನಂಗೊತ್ತು. ಇಲ್ಲ ಅನ್ಬೇಡಿ."

"ಎಲ್ಲರದ್ದೂ ಒಂದು ತಿಂಗಳು ಇಟ್ಟಿರ್ತೀವಿ," ಎಂದ ಆ ಕಡೆಯವನು. "ನಿಮ್ಮದೊಂದೇ ಅಳಿಸಿದ್ದು. ಪುರಾವೆ ಕಳಿಸಿದೀವಲ್ಲ?"

ಜೀವನದಲ್ಲಿ ಮೊದಲ ಬಾರಿಗೆ ಡೌಟಪ್ಪ ಒಬ್ಬನ ಮಾತನ್ನು ಕೇಳಿದ ಕೂಡಲೇ ನಂಬಿದ.

ಅಕ್ಕನ ಮನೆಗೆ ಹೋದಾಗ ಮಧ್ಯಾಹ್ನ. ಅವಳು ಹೊಲಿಯುತ್ತಿದ್ದಳು. ಫೋನು ಪಕ್ಕದಲ್ಲೇ ಇತ್ತು.

"ಬಾರೋ. ಯಾಕೋ ಇವತ್ತು ಇದು ಮಾತೇ ಆಡ್ತಿಲ್ಲ, ನೋಡು."

ಅವನು ನಿಂತಲ್ಲೇ ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಕ್ಕ ಬೈಯಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ನಿಮ್ಮ ಭಾವನ ಶಿಷ್ಯೆಯೊಬ್ಬಳು ಬಂದಿದ್ಲು ಕಣೋ, ಹೋದ ವರ್ಷ. ಎಲ್ಲಾ ಪಾಠ ನನ್ನ ಹತ್ರಾನೂ ಒಂದು ಪ್ರತಿ ಇಟ್ಕೋತೀನಿ ಅಂದ್ಲು. ನಾನೇ ಬೇಡ ಅಂದೆ. ನನ್ನ ತಮ್ಮ ದೇವರನ್ನೂ ಪರೀಕ್ಷೆ ಮಾಡದೆ ನಂಬೋನಲ್ಲ, ಅವನ ಹತ್ರ ಇದ್ದದ್ದು ಎಲ್ಲಿಗೂ ಹೋಗಲ್ಲ ಅಂತ ಹೇಳಿ ಕಳಿಸ್ದೆ."